ಲಾಂಚಿನ ಸಾಹೇಬರು

ಹಲಗೆಯ ಮೇಲೆ ಬಲಗಾಲಿಟ್ಟ ಕೂಡಲೇ ಎಂದಿನಂತೆ ಆ ಕೈ ಮುಂದೆ ಬಂತು. ಎಂದಿಗಿಂತ ಮೊದಲೇ ಬಂತೋ, ತುಸು ತಡೆದು ಬಂತೋ ಎಂದು ಭೀಮಾಶಂಕರ ಲಕ್ಷ್ಯಕೊಟ್ಟು ನೋಡಿದ. ಎರಡೂ ಅಲ್ಲ. ಉಗುರ ಸಂದಿನಲ್ಲಿ ಗ್ರೀಸಿನ ಕಪ್ಪು, ಅಂಗೈ ನಡುವೆ ಹುಟ್ಟು ಹಾಕಿ ಜಡ್ಡುಗಟ್ಟಿದ ಚರ್ಮ. ಹಿಡಿತ ಕಳೆದ ಭಾನುವಾರದ ಹಿಡಿತವೇ.

"ಬರ್ರಿ ಸಾಹೇಬ್ರ. ಇವತ್ತು ಗಾಳಿ ಭಾಳ ಛಲೋ ಐತ್ರಿ, ವಾಸನಿ ಎಲ್ಲಾ ಆ ದಂಡಿಗೆ ಹೊಂಟೈತಿ," ಎಂದ ಸಂಗಣ್ಣ. ಭೀಮಾಶಂಕರನ ಎರಡೂ ಕಾಲು ಲಾಂಚಿನೊಳಗೆ ಊರಿದ ಮೇಲೆ ಕೇಳಿದ: "ಬಿಡ್ಲೇನ್ರಿ?"

"ಬಿಡಪ್ಪ."

ಆಗ ಕೈ ಬಿಟ್ಟಿತು.

ಇದು ಕೃಷ್ಣೆಯ ದಂಡೆಯ ಪದ್ಧತಿ. ಹರಿಗೋಲು ಹತ್ತುವವರ, ಇಳಿಯುವವರ ಕೈಯನ್ನು ಅಂಬಿಗ ಒಮ್ಮೆ ಹಿಡಿದನೆಂದರೆ, ಕೇಳಿ, ಅವರು ಬಿಡು ಎಂದ ಮೇಲೆಯೇ ಬಿಡಬೇಕು. ಹುಸೇನ್ ಸಾಗರ ಕೆರೆಯ ನಡುವೆ ಬುದ್ಧನ ಪ್ರತಿಮೆ ನಿಂತಿರುವ ಬಂಡೆಗೆ ಹೋಗಿ ಬರುವ ಈ ಲಾಂಚಿನಲ್ಲಿ, ಕಂಬಿ, ಮೆಟ್ಟಿಲು, ರಬ್ಬರಿನ ಹಾಸು ಎಲ್ಲ ಇರುವಲ್ಲಿ, ಆ ಪದ್ಧತಿಯ ಅಗತ್ಯ ಯಾರಿಗೂ ಇರಲಿಲ್ಲ. ಆದರೆ ಊರ ಹತ್ತಿರ ಸೇತುವೆಯಾಗಿ, ಹರಿಗೋಲು ಬೋರಲು ಬಿದ್ದ ಮೇಲೆ ಹೈದರಾಬಾದಿಗೆ ಬಂದ ಸಂಗಣ್ಣನ ಬಾಯಿಗೆ ಆ ಮಾತು ಅಂಟಿಕೊಂಡೇ ಬಂದಿತ್ತು. ಮಿಕ್ಕ ಪ್ರಯಾಣಿಕರಿಗೆ ಅದು ಪ್ರಶ್ನೆಯೆಂದೇ ಗೊತ್ತಿರಲಿಲ್ಲ. ಭಾರ ಎತ್ತಿ ಇಳಿಸುವವನ ಬಾಯಿಂದ ಬರುವ ಒಂದು ಸದ್ದು ಅಂದುಕೊಳ್ಳುತ್ತಿದ್ದರು. ಥ್ಯಾಂಕ್ಸ್ ಅನ್ನುತ್ತಿದ್ದರು, ನಗುತ್ತಿದ್ದರು, ಇಲ್ಲವೇ ಸುಮ್ಮನೆ ತಲೆಯಾಡಿಸುತ್ತಿದ್ದರು. ಅದನ್ನೇ ಉತ್ತರವೆಂದು ಹಿಡಿದು ಸಂಗಣ್ಣ ಬಿಡುತ್ತಿದ್ದ. ಸರಿಯಾದ ಉತ್ತರ ಕೊಡುವವನು ಈ ಇಡೀ ನೀರಿನ ಮೇಲೆ ತಾನೊಬ್ಬನೇ ಎಂದು ಭೀಮಾಶಂಕರನಿಗೆ ಮೊದಲ ಸಲ ಅನಿಸಿದಾಗ ಎದೆ ಬೆಚ್ಚಗಾಗಿತ್ತು. ಅಂದಿನಿಂದ ಅವನು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

"ಭಾಯ್, ಜರಾ ಸರಕೋ. ಸಾಬ್ ಕೀ ಜಗಾ ಹೈ," ಎಂದು ಸಂಗಣ್ಣ ಎಡಗಡೆ ಕಂಬಿಯ ಪಕ್ಕ ಕೂತಿದ್ದ ತರುಣನನ್ನು ಎಬ್ಬಿಸಿದ. ತರುಣ ತನ್ನ ಜೊತೆಯ ಹುಡುಗಿಯನ್ನು ನೋಡಿ, "ಕೌನ್ ಹೈ, ಮಿನಿಸ್ಟರ್ ಹೈ ಕ್ಯಾ?" ಎಂದ. ಹುಡುಗಿ ಕಿಸಕ್ಕೆಂದಳು. "ಹಮಾರೇ ಸಾಬ್ ಹೈ," ಎಂದಷ್ಟೇ ಹೇಳಿ ಸಂಗಣ್ಣ ತನ್ನ ಹೆಗಲ ಬಟ್ಟೆಯಿಂದ ಬೆಂಚನ್ನು ಒರೆಸಿದ. ಬಿಸಿಲು ಬೀಳದ ಜಾಗ ಅದು. ಮುಂದಿನ ಸಲ ಹೋಗಿ ಬರುವಷ್ಟರಲ್ಲಿ ಬಿಸಿಲು ಸರಿದರೆ ಸಾಹೇಬರ ಜಾಗವೂ ಸರಿಯುತ್ತಿತ್ತು. ಅದರ ಲೆಕ್ಕ ಸಂಗಣ್ಣನಿಗೆ ಸೇರಿದ್ದು. ಎಂಜಿನ್ನಿನ ನಡುಕ ಚಪ್ಪಲಿಯ ಅಟ್ಟೆಯೊಳಗಿಂದ ಹತ್ತಿ ಮೊಣಕಾಲಿಗೆ ಬರುವುದು, ದಂಡೆಯ ಮೇಲಿನ ಕಾರುಗಳ ಹಾರ್ನು ಒಂದೊಂದಾಗಿ ಆರುವುದು, ಬೆರಳಷ್ಟಿದ್ದ ಬುದ್ಧ ನಿಧಾನಕ್ಕೆ ಆಳೆತ್ತರವಾಗಿ, ಮರದೆತ್ತರವಾಗಿ, ಕೊನೆಗೆ ಕತ್ತೆತ್ತಿ ನೋಡುವಷ್ಟಾಗುವುದು. ನಡುನೀರಿಗೆ ಬಂದಾಗ ಸ್ಟೀಲಿನ ತಟ್ಟೆಯಲ್ಲಿ, ಮೇಲೊಂದು ಮುಚ್ಚಳವಿಟ್ಟು, ಸಂಗಣ್ಣ ತರುವ ಒಂದು ಲೋಟ ನೀರು. ಕೇಳುವ ಮೊದಲೇ ಬರುವ ನೀರು. ಗುತ್ತಿಗೆ ಹಿಡಿದ ಹೊಸ ಕಂಪನಿ ಲಾಂಚಿನ ಮೈಮೇಲೆ ನಗುಮುಖದ ಸೇವೆಯೇ ನಮ್ಮ ಗುರುತು ಎಂದು ಇಂಗ್ಲಿಷಿನಲ್ಲಿ ಬರೆಸಿತ್ತು. ಸಂಗಣ್ಣನಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ವಾರದ ಮಿಕ್ಕ ದಿನಗಳಲ್ಲಿ ಭೀಮಾಶಂಕರ ಇನ್ನೊಬ್ಬರಿಗೆ ನಗುಮುಖದ ಸೇವೆ ಮಾಡುತ್ತಿದ್ದ. ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಹೊರಬಂದ ಮೇಲೆ, ಹೈಟೆಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯ ಗೇಟಿನಲ್ಲಿ, ಟೈ ಕಟ್ಟಿಕೊಂಡು, ಬರುವವರ ಕೊರಳ ಕಾರ್ಡು ನೋಡಿ ಗುಡ್ ಮಾರ್ನಿಂಗ್ ಸರ್ ಅನ್ನುವ ಕೆಲಸ. ಅಲ್ಲಿ ಅವನ ಹೆಸರು ಶಂಕರ್. ಸಂಗಣ್ಣ ಒಮ್ಮೆ, "ಸಾಹೇಬ್ರು ಎಲ್ಲಿ ಇರ್ತೀರ್ರಿ?" ಎಂದು ಕೇಳಿದಾಗ, "ಸಾಫ್ಟ್‌ವೇರ್ ಕಂಪನ್ಯಾಗ. ಅಡ್ಮಿನಿಸ್ಟ್ರೇಶನ್," ಎಂದಿದ್ದ. ಸುಳ್ಳಲ್ಲ. ಗೇಟು ಆ ವಿಭಾಗದ ಕೆಳಗೇ ಬರುತ್ತಿತ್ತು.

ಕಳೆದ ಬುಧವಾರ ಒಬ್ಬ ಹುಡುಗ ಕಾರ್ಡಿಲ್ಲದೆ ಕಾರಿನಿಂದ ಇಳಿದು ಬಂದಿದ್ದ. ನಿಲ್ಲಿಸಬೇಕೆಂಬುದು ನಿಯಮ, ನಿಲ್ಲಿಸಿದ. "ಅಂಕಲ್, ರೋಜ್ ದೇಖ್ತೇ ಹೋ ನಾ ಮುಝೇ?" ದಿನಾ ನನ್ನನ್ನು ನೋಡುತ್ತೀರಲ್ಲ ಎಂದು ಶುರುವಾದದ್ದು ಇಂಗ್ಲಿಷಿಗೆ ತಿರುಗಿ ದನಿ ಏರಿತು. ಗೇಟಿನ ಮೇಲ್ವಿಚಾರಕ, ಮೀಸೆಯ ಹಳೇ ಹವಾಲ್ದಾರ, ಓಡಿಬಂದು, "ಸಾರಿ ಬೋಲೋ ಶಂಕರ್," ಎಂದ. ಹೇಳಿದ. ಹುಡುಗನಿಗೆ ಕೇಳಿಸಲಿಲ್ಲವಂತೆ. ಮತ್ತೊಮ್ಮೆ ಹೇಳಿದ. ಕೈಗಳು ತಾವಾಗಿಯೇ ಹೊಟ್ಟೆಯ ಮುಂದೆ ಬಂದು ಜೋಡಿಸಿಕೊಂಡಿದ್ದವು. ಕಂಪನಿಯ ತರಬೇತಿಯಲ್ಲಿ ಕಲಿಸಿದ್ದು ಹಾಗೆ. ತಲೆಯೆತ್ತಿದಾಗ, ಪಕ್ಕದಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಕೂಲಿಯವರ ಗೇಟಿನಲ್ಲಿ, ಬುತ್ತಿಯ ಡಬ್ಬಿ ಹಿಡಿದು ಸಂಗಣ್ಣ ನಿಂತಿದ್ದ. ಕಣ್ಣಿಗೆ ಕಣ್ಣು ಕೂಡಿತು. ಸಂಗಣ್ಣ ತಟ್ಟನೆ ಮುಖ ತಿರುಗಿಸಿದ. ಹೊಳೆಯಲ್ಲಿ ಹೆಂಗಸರು ಮೀಯುವ ಜಾಗ ಬಂದಾಗ ಹರಿಗೋಲಿನವನು ತಿರುಗಿಸುವ ಹಾಗೆ, ಏನೂ ಕಂಡೇ ಇಲ್ಲವೆನ್ನುವಷ್ಟು ಸಲೀಸಾಗಿ.

ಆ ತಿರುಗಿಸುವಿಕೆಯನ್ನು ಭೀಮಾಶಂಕರ ಮರೆಯಲಾರದೆ ಹೋದ. ನಕ್ಕಿದ್ದರೆ ಸಹಿಸಬಹುದಿತ್ತು. ಹತ್ತಿರ ಬಂದು, ಇದೇನ್ರಿ ಸಾಹೇಬ್ರ ಎಂದಿದ್ದರೂ ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ಈಗ ಬೆಂಚಿನ ಮೇಲೆ ಕೂತು ಅವನು ಸಂಗಣ್ಣನ ಒಂದೊಂದು ನಡೆಯನ್ನೂ ತೂಗುತ್ತಿದ್ದ. ಬೆಂಚು ಒರೆಸಿದ್ದು ಎಂದಿಗಿಂತ ಹೆಚ್ಚಾಯಿತೇ? ಹಮಾರೇ ಸಾಬ್ ಎನ್ನುವಾಗ ಆ ತರುಣನ ಕಡೆ ಕಣ್ಣು ಮಿಟುಕಿಸಿದನೇ? ನೀರು ಬಂತು. ತಟ್ಟೆ ಅದೇ, ಮುಚ್ಚಳ ಅದೇ. "ಕುಡೀರಿ ಸಾಹೇಬ್ರ, ತಣ್ಣಗ ಐತಿ." ಆ ಸಾಹೇಬ್ರ ಎಂಬುದರಲ್ಲಿ ಒಂದು ಎಳೆಯಷ್ಟು ಕನಿಕರ ಸಿಕ್ಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ. ಬಟ್ಟೆಯ ಹೊಲಿಗೆ ಹುಡುಕುವವನಂತೆ ಒಳಗೂ ಹೊರಗೂ ತಡಕಿದ. ಎಲ್ಲಿಯೂ ಹೊಲಿಗೆ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಮುಚ್ಚಿಡುವವನು ಮೊದಲಿಂದಲೂ ಮುಚ್ಚಿಟ್ಟಿರಬೇಕು. ಇವನಿಗೆ ಎಲ್ಲರೂ ಸಾಹೇಬರೇ ಇರಬಹುದು. ಅಥವಾ ಯಾರೂ ಅಲ್ಲ.

ಭೀಮಾಶಂಕರ ಚಿಕ್ಕವನಿದ್ದಾಗ, ಅವನ ಅವ್ವ ತವರಿಗೆ ಹೊಳೆ ದಾಟುವಾಗ ಅಂಬಿಗನ ಕೈಯನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು, ಆ ಸುತ್ತಿದ ಕೈಯನ್ನು ಕೊಡುತ್ತಿದ್ದಳು. ಮುದುಕ ಅಂಬಿಗ ಅದನ್ನೇ ಹಿಡಿದು ಇಳಿಸಿ, "ಬಿಡ್ಲೇನ್ರಿ ತಾಯಿ?" ಎಂದು ನೀರಿನ ಕಡೆ ನೋಡುತ್ತ ಕೇಳುತ್ತಿದ್ದ. ಅವ್ವ ಅವನೊಂದಿಗೆ ಮಾತಾಡುವಂತಿರಲಿಲ್ಲ. ಅವಳ ಪರವಾಗಿ ಉತ್ತರ ಕೊಡಬೇಕಾದವನು ಅವಳ ಸೊಂಟಕ್ಕೆ ಬರುವಷ್ಟಿದ್ದ ಇವನು. "ಬಿಡು," ಎನ್ನುತ್ತಿದ್ದ, ಆ ಮುದುಕನಿಗೆ. ಮುದುಕ ಆಗ, "ಆತು ಗೌಡ," ಎಂದು ನಗುತ್ತಿದ್ದ. ತಾನು ಗೌಡನೇ ಎಂದು ಇವನು ಬಹಳ ದಿನ ನಂಬಿದ್ದ. ಬಂಡೆಗೆ ಲಾಂಚು ತಾಗಿ ಜನ ಇಳಿದು ಬುದ್ಧನ ಪಾದದ ಹತ್ತಿರ ಫೋಟೊ ತೆಗೆಸಿಕೊಳ್ಳುವಾಗ, ಭೀಮಾಶಂಕರ ಇಳಿಯದೆ ಕೂತಿದ್ದ. ಆ ಮುದುಕನ ನಗುವಿನಲ್ಲಿ ಏನಿತ್ತು ಎಂದು ಇಷ್ಟು ವರ್ಷಗಳ ಮೇಲೆ ಮೊದಲ ಬಾರಿ ಕೇಳಿಕೊಂಡ.

ಮರಳಿ ದಂಡೆಗೆ ಬಂದು, ಲಾಂಚು ಕಟ್ಟುವ ಧಕ್ಕೆಯಲ್ಲಿ ಇಳಿದವನು ಟಿಕೆಟ್ ಕಿಟಕಿಯ ಪಕ್ಕದ ಮೇಜಿನಿಂದ ಒಂದು ಅಭಿಪ್ರಾಯ ಚೀಟಿ ಎಳೆದುಕೊಂಡ. ಸ್ಟೋರ್ಸಿನಲ್ಲಿದ್ದಾಗ ಬಂದ ಸಾಮಾನಿನ ಕೊರತೆಯ ವರದಿ ಬರೆಯುವುದರಲ್ಲಿ ಅವನಿಗೆ ಹೆಸರಿತ್ತು. ಗುಣವಾಚಕ ಇಲ್ಲ, ಊಹೆ ಇಲ್ಲ, ಕಂಡದ್ದಷ್ಟೆ. ಈಗಲೂ ಹಾಗೇ ಇಂಗ್ಲಿಷಿನಲ್ಲಿ ಬರೆದ. ಸಂಗಣ್ಣ ಎಂಬ ನೌಕರ ಪ್ರಯಾಣಿಕರ ಅನುಮತಿ ಇಲ್ಲದೆ ಅವರ ಕೈ ಹಿಡಿಯುತ್ತಾನೆ. ಅವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾನೆ. ಕೈ ಬಿಡಲೇ ಎಂದು ಕೇಳಿ, ಉತ್ತರ ಬರುವವರೆಗೆ ಬಿಡುವುದಿಲ್ಲ. ಕುಳಿತವರನ್ನು ಎಬ್ಬಿಸಿ ತನಗೆ ಬೇಕಾದವರಿಗೆ ಜಾಗ ಕೊಡುತ್ತಾನೆ. ಕೆಳಗೆ, ಹೆಸರಿನ ಜಾಗದಲ್ಲಿ, ಒಬ್ಬ ಪ್ರಯಾಣಿಕ ಎಂದು ಬರೆದ. ಇನ್ನೊಮ್ಮೆ ಓದಿದ. ಸುಳ್ಳು ಒಂದೂ ಇರಲಿಲ್ಲ. ಮಡಿಸಿ ಡಬ್ಬಿಯಲ್ಲಿ ಹಾಕಿದ. ದೂರದಲ್ಲಿ ಸಂಗಣ್ಣ ಮುಂದಿನ ಜನರನ್ನು ಹತ್ತಿಸುತ್ತಿದ್ದ. ಒಬ್ಬ ಬುರ್ಖಾದ ಮುದುಕಿ ಅವನ ಕೈ ಹಿಡಿದುಕೊಂಡೇ ಏನೋ ಹೇಳುತ್ತಿದ್ದಳು, ಅವನು ಬಾಗಿ ಕೇಳುತ್ತಿದ್ದ.

ತಾರ್ನಾಕದ ಮನೆಯಲ್ಲಿ ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಭಾನುವಾರದ ಲಾಂಚಿಗೆ ಅವಳು ಇಟ್ಟಿದ್ದ ಹೆಸರು ಜಹಜು.

"ಬಂತೇನ್ರಿ ಜಹಜು? ಬುದ್ಧ ಏನಂದ?"

"ಏನಂತಾನ. ನಿಂತಾನ."

"ನಿಮ್ಮಂಗ ಅಂವನೂ ದಿನಾ ನಿಂತ ಇರ್ತಾನ ಪಾಪ. ಕುಂದರ್ರಿ, ಬಿಸಿ ರೊಟ್ಟಿ ತಿನ್ರಿ."

ಅವಳು ತಮಾಷೆಗೆ ಅಂದದ್ದು. ಗೇಟಿನ ಕೆಲಸದ ಬಗ್ಗೆ ಅವಳಿಗೆ ನಾಚಿಕೆ ಇರಲಿಲ್ಲ. ನಿಂತು ದುಡಿದರೇನು ಕೂತು ದುಡಿದರೇನು ಎನ್ನುತ್ತಿದ್ದಳು. ಅವನು ರೊಟ್ಟಿ ಮುರಿಯದೆ ಕೂತ.

"ಒಮ್ಮೆ ನನ್ನೂ ಕರ್ಕೊಂಡ ಹೋಗ್ರಿ. ಅಲ್ಲಿ ನಿಮಗ ಅಷ್ಟೇನು ಮರ್ಯಾದಿ ಮಾಡ್ತಾರ, ನಾನೂ ನೋಡ್ತೀನಿ," ಎಂದಳು, ಬೆನ್ನು ತಿರುಗಿಸಿಕೊಂಡೇ. ಮರ್ಯಾದೆಯ ಮಾತನ್ನು ತಾನು ಇವಳಿಗೆ ಎಂದು ಹೇಳಿದೆ? ಹೇಳಿರಲಿಲ್ಲ. ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕುವುದನ್ನು ಅವಳು ನೋಡಿದ್ದಳು, ಅಷ್ಟೆ.

ಮರುದಿನದಿಂದ ಸಿಕಂದರಾಬಾದಿನಲ್ಲಿ ಹೊಸ ಲೋಕಲ್ ರೈಲು ಹತ್ತಿ ಕೆಲಸಕ್ಕೆ ಹೋಗುವಾಗ ಕಿಟಕಿಯ ಸೀಟಿಗೆ ನುಗ್ಗತೊಡಗಿದ. ಸಂಜೀವಯ್ಯ ಪಾರ್ಕಿನ ಹತ್ತಿರ ಕೆರೆ ಸ್ವಲ್ಪ ಹೊತ್ತು ಕಾಣಿಸುತ್ತದೆ. ಅಷ್ಟು ದೂರದಿಂದ ಲಾಂಚು ಬಿಳಿ ಚುಕ್ಕೆ. ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ. ಚೀಟಿಯನ್ನು ಯಾರೂ ಓದಿರಲಿಕ್ಕಿಲ್ಲ ಎಂದು ಒಂದು ದಿನ ಅನಿಸಿತು. ಅನಿಸಿದ್ದು ನೆಮ್ಮದಿಯೋ ನಿರಾಸೆಯೋ ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಅವನ ವರದಿಗಳನ್ನು ಎಲ್ಲರೂ ಓದುತ್ತಿದ್ದರು.

ಶುಕ್ರವಾರ ಊಟದ ಹೊತ್ತಿಗೆ ಹವಾಲ್ದಾರ ಬಂದು, "ಶಂಕರ್, ಕೋಯಿ ಲೇಬರ್ ಔರತ್ ಆಯೀ ಹೈ. ತುಮ್ಹಾರೇಕು ಪೂಛ್ ರೈ," ಎಂದ. ಗೇಟಿನಾಚೆ, ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದು, ಮೈಯೆಲ್ಲ ಸಿಮೆಂಟಿನ ಬೂದಿ ಬಡಿದುಕೊಂಡ ಒಬ್ಬ ಹೆಂಗಸು ನಿಂತಿದ್ದಳು.

"ಲಾಂಚಿನ ಸಾಹೇಬ್ರು ನೀವ ಅಲ್ಲೇನ್ರಿ?"

"ಯಾರು ನೀನು?"

"ನಾ ಗದಿಗೆಮ್ಮ ಅಂತ್ರಿ. ಸಂಗಣ್ಣನ ಮನಿಯಾಕಿ. ಅವ್ರು ಬುತ್ತಿ ಕೊಡಾಕ ಬಂದ ದಿನ ನಿಮ್ಮನ್ನ ತೋರಿಸಿದ್ರು. ಅಲ್ಲಿ ನೋಡು ನಮ್ಮ ಸಾಹೇಬ್ರು, ಅಂದ್ರು. ಇಷ್ಟ ದೊಡ್ಡ ಗಾಜಿನ ಮನಿ ಅವ್ರ ಕೈಯಾಗ ಐತಿ, ಅವ್ರು ಹೂಂ ಅಂದ್ರ ಒಳಗ, ಊಹೂಂ ಅಂದ್ರ ಎಂಥಾ ಇಂಜಿನಿಯರನೂ ಹೊರಗ, ಅಂದ್ರು."

ಭೀಮಾಶಂಕರ ಸುತ್ತ ನೋಡಿದ. "ಮತ್ತೇನಂದ?"

"ಯಾವನೋ ಹುಡುಗ ಕಾರ್ಡ್ ಇಲ್ದ ಬಂದಿದ್ನಂತಲ್ರಿ. ಹೆಂಗ ನಿಂದ್ರಿಸಿಬಿಟ್ರು ನೋಡು ಅವನ್ನ, ಅಂದ್ರು. ನೀವು ಕೆಲಸದಾಗ ಅದೀರಿ, ಮಾತಾಡಸಬಾರದು ಅಂತ ಹಂಗ ಹೋದ್ರು."

ಹೌದು, ನಿಲ್ಲಿಸಿದ್ದು ನಿಜ. ಇಂಗ್ಲಿಷ್ ಬಾರದವನಿಗೆ, ದೂರದಿಂದ, ಕಂಡದ್ದು ಅಷ್ಟೇ ಇರಬಹುದು. ಟೈ ಕಟ್ಟಿದವನು, ಕಾರಿನಿಂದ ಇಳಿದವನನ್ನು ತಡೆದು ನಿಲ್ಲಿಸಿದ. ಆದರೆ ಜೋಡಿಸಿದ ಕೈ? ಅದಕ್ಕೆ ಯಾವ ಭಾಷೆ ಬೇಕು? ಕಂಡೂ, ಹೆಂಡತಿಯ ಮುಂದೆ ಕೂಡ ತನ್ನ ಸಾಹೇಬನನ್ನು ಕಾಪಾಡಿದನೋ, ಅಥವಾ ನಿಜಕ್ಕೂ ಹಾಗೆಯೇ ಕಂಡನೋ? ಎರಡರಲ್ಲಿ ಯಾವುದು ತನಗೆ ಬೇಕು ಎಂದು ಭೀಮಾಶಂಕರನಿಗೆ ತಿಳಿಯಲಿಲ್ಲ. ಯಾವುದಾದರೂ ತಡವಾಗಿತ್ತು, ಚೀಟಿ ಆಗಲೇ ಡಬ್ಬಿಗೆ ಬಿದ್ದಿತ್ತು.

"ಯಾರೋ ಚೀಟಿ ಬರದು ಹಾಕ್ಯಾರಂತ್ರಿ ಸಾಹೇಬ್ರ," ಗದಿಗೆಮ್ಮ ಹೇಳುತ್ತಿದ್ದಳು. "ಮನಿಗೆ ಹೋಗು, ಬೇಕಾದ್ರ ಕರೀತೀವಿ ಅಂದಾರ. ಅವ್ರಿಗೆ ನೀರು ಬಿಟ್ರ ಬ್ಯಾರೆ ಕೆಲಸ ಬರೂದಿಲ್ರಿ. ಇಲ್ಲಿ ಮೇಸ್ತ್ರಿಗೆ ಹೇಳಿ ಬುಟ್ಟಿ ಹೊರಾಕ ಹಚ್ಚಿದ್ರ, ಎರಡನೇ ಮಜಲಿನ ಮ್ಯಾಲೆ ನಿಂತು ಕೆಳಗ ನೋಡಿ ಕಣ್ಣಿಗೆ ಕತ್ಲಿ ಬಂದು ಕುಂತಬಿಟ್ರು. ತುಂಬಿದ ಹೊಳಿಗೆ ಅಂಜಲಾರದಾಂವ! ಮೇಸ್ತ್ರಿ ಎಲ್ಲಾರ ಮುಂದ ಬಿದ್ದು ಬಿದ್ದು ನಕ್ಕ. ಈಗ ಮನ್ಯಾಗ ಮಂಚದ ಮ್ಯಾಲೆ ಕುಂತು ಹುಟ್ಟು ಹಾಕಾಕತ್ತಾರ." ಅವಳು ತಾನೂ ನಕ್ಕಳು. ನಗು ನಿಂತ ಮೇಲೆ ಮುಖ ಬೇರೆಯಾಯಿತು. "ನೀವು ಒಂದ್ ಮಾತು ಹೇಳ್ರಿ ಯಪ್ಪಾ. ನಿಮ್ಮಂಥಾವ್ರು ಹೇಳಿದ್ರ ಕೇಳ್ತಾರ. ಹೇಳಬ್ಯಾಡ ಅಂದಿದ್ರು ಅವ್ರು, ಸಾಹೇಬ್ರಿಗೆ ತೊಂದ್ರಿ ಕೊಡಬ್ಯಾಡ ಅಂದಿದ್ರು. ನಾನ ಬಂದೀನಿ."

ಹವಾಲ್ದಾರ ತನ್ನ ಕುರ್ಚಿಯಿಂದ ನೋಡುತ್ತಿದ್ದ. ಹೆಂಗಸೊಬ್ಬಳು ಶಂಕರನ ಮುಂದೆ ಕೈಮುಗಿದು ನಿಂತದ್ದನ್ನು, ಶಂಕರ ಗಲ್ಲಕ್ಕೆ ಬೆರಳಿಟ್ಟು ಕೇಳುತ್ತಿದ್ದುದನ್ನು ಅವನು ಹೊಸ ಕುತೂಹಲದಿಂದ ನೋಡುತ್ತಿದ್ದ. ಭೀಮಾಶಂಕರನ ಬೆನ್ನು ತಾನಾಗಿ ನೆಟ್ಟಗಾಯಿತು. ಅದು ನೆಟ್ಟಗಾದದ್ದು ಅವನಿಗೇ ತಿಳಿಯಿತು, ಆದರೂ ಬಾಗಿಸಲಿಲ್ಲ. "ನೋಡ್ತೀನಿ," ಎಂದ. ಸಾಹೇಬರು ಮಾತಾಡುವ ದನಿಯಲ್ಲಿ.

ಭಾನುವಾರ ಧಕ್ಕೆಯ ಮೇಲಿನ ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ದೀಪಕ ಕುರ್ಚಿ ಎಳೆದುಕೊಟ್ಟ. ಇಪ್ಪತ್ತೈದರ ಆಚೀಚೆಯ ಹುಡುಗ. ಭೀಮಾಶಂಕರನ ಹಿಂದಿ ಕೇಳಿ, "ಕನ್ನಡದವ್ರ? ನಮ್ಮಮ್ಮಿ ಬೀದರ್ ಕಡೆಯಾಕಿ. ನನಗೂ ಬರ್ತದ ಅಂಕಲ್, ಮನೀ ಕನ್ನಡ," ಎಂದು ನಕ್ಕ. ಅಂಕಲ್ ಎಂಬುದನ್ನು ಭೀಮಾಶಂಕರ ನುಂಗಿಕೊಂಡ. ತಾನು ಇಲ್ಲಿಗೆ ತಪ್ಪದೆ ಬರುವವನು, ಸಂಗಣ್ಣ ಒಳ್ಳೆಯವನು, ಪ್ರಯಾಣದ ಸುಖ ಅರ್ಧ ಅವನಿಂದಲೇ ಎಂದು ಹೇಳಿದ.

"ಒಳ್ಳೇಂವ ಅದಾನ, ನಂಗ ಗೊತ್ತದ. ಆದ್ರ ಇದು ನೋಡ್ರಿ." ದೀಪಕ ಡ್ರಾವರಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. "ಎಂಥಾ ರೈಟಿಂಗ್ ನೋಡ್ರಿ ಅಂಕಲ್. ಬೈಗುಳ ಇಲ್ಲ, ಸಿಟ್ಟಿಲ್ಲ. ಬರೀ ಫ್ಯಾಕ್ಟ್ಸ್. ಹೆಡ್ ಆಫೀಸಿನವ್ರು ಇದನ್ನ ಟ್ರೇನಿಂಗಿಗೆ ಜೆರಾಕ್ಸ್ ಮಾಡ್ಸ್ಯಾರ."

ತನ್ನ ಅಕ್ಷರವನ್ನು ಇನ್ನೊಬ್ಬರ ಮೇಜಿನ ಮೇಲೆ ಕಂಡಾಗ ಭೀಮಾಶಂಕರನಿಗೆ ಮೊದಲು ಆದದ್ದು ಭಯವಲ್ಲ, ಹೆಮ್ಮೆ. ಒಂದು ಕ್ಷಣವಷ್ಟೆ. ಇದನ್ನು ಬರೆದವನು ನಾನು ಎಂದರೆ ಮುಗಿಯಿತು. ಹೇಳಲು ಕಷ್ಟದ ವಾಕ್ಯವೇನಲ್ಲ, ಅದರಲ್ಲೂ ಗುಣವಾಚಕ ಇಲ್ಲ. "ಬರ್ದವ್ರಿಗೆ ಆ ಪದ್ಧತಿ ಗೊತ್ತಿರ್ಲಿಕ್ಕಿಲ್ಲ," ಎಂದ. ತಾನು ಹೇಳಿದ ಮೊದಲ ಶುದ್ಧ ಸುಳ್ಳು ಅದು ಎಂಬುದು ಹೇಳಿಯಾದ ಮೇಲೆ ಹೊಳೆಯಿತು.

"ಹೋಗ್ಲಿ, ನೀವೂ ಒಂದು ಚೀಟಿ ಬರದು ಕೊಡ್ರಿ. ಒಂದು ಕಂಪ್ಲೇಂಟ್, ಒಂದು ಹೊಗಳಿಕಿ. ಎರಡೂ ಕೂಡ್ಸಿ ಅವನ್ನ ತೆಗೀಲಾರದಂಗ ನಾ ಮಾಡ್ತೀನಿ. ಆದ್ರ ಟ್ರೇನಿಂಗ್ ಆಗಬೇಕು. ಮುಂದಿನ ಸಂಡೇ ಬರ್ರಿ, ಡಿಫರೆನ್ಸ್ ನಿಮಗ ಗೊತ್ತಾಗ್ತದ."

ಭೀಮಾಶಂಕರ ಬರೆದ. ಅಕ್ಷರ ಬೇರೆಯಾಗಿ ಕಾಣಲೆಂದು ಕನ್ನಡದಲ್ಲಿ ಬರೆದ. ಹೊಗಳಿಕೆ ಬರೆಯುವುದು ಅವನಿಗೆ ರೂಢಿಯಿರಲಿಲ್ಲ. ಒಳ್ಳೆಯ ಮನುಷ್ಯ, ತುಂಬಾ ವಿನಯವಂತ ಎಂದೆಲ್ಲ ಬರೆದದ್ದು ಓದಿದಾಗ ಯಾರೋ ಬಾಡಿಗೆಗೆ ಬರೆದಂತಿತ್ತು.

ಮುಂದಿನ ಭಾನುವಾರ ಅವನು ಹಲಗೆಯ ಮೇಲೆ ಕಾಲಿಟ್ಟಾಗ ಮುಂದೆ ಬಂದದ್ದು ಬಿಳಿ ಕೈಗವಸು. ಮಣಿಕಟ್ಟಿನ ಹತ್ತಿರ ಗುಂಡಿ ಹಾಕಿದ, ಗಂಜಿ ಹಾಕಿದ ಬಟ್ಟೆ. ಅದರೊಳಗೆ ಜಡ್ಡು ಎಲ್ಲಿ, ಗ್ರೀಸು ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಒಂದು ಕ್ಷಣ ಅವನಿಗೆ ಕಂಡದ್ದು ಅವ್ವನ ಸೆರಗು ಸುತ್ತಿದ ಅಂಗೈ. ಸಂಗಣ್ಣನ ಎದೆಯ ಮೇಲೆ ಇಂಗ್ಲಿಷಿನ ಹೆಸರಿನ ಪಟ್ಟಿ ಇತ್ತು, ಕೂದಲಿಗೆ ನೀರು ಹಚ್ಚಿ ಬಾಚಲಾಗಿತ್ತು. "ವೆಲ್‌ಕಮ್ ಸರ್," ಎಂದ. ಎರಡೂ ಕಾಲು ಊರುವ ಮೊದಲೇ ಕೈಗವಸು ಹಿಂದಿನವರ ಕಡೆ ಹೋಯಿತು. ಎಡಗಡೆ ಕಂಬಿಯ ಪಕ್ಕ ಯಾರೋ ಇಬ್ಬರು ಕೂತಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. ಭೀಮಾಶಂಕರ ಬಲಗಡೆ, ಬಿಸಿಲಿನಲ್ಲಿ ಕೂತ. ಧ್ವನಿವರ್ಧಕದಲ್ಲಿ ಹೆಣ್ಣೊಬ್ಬಳು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಗಾಳಿ ಈ ದಂಡೆಯ ಕಡೆಗಿತ್ತು. ಕೆರೆಯ ಕೊಳೆತ ವಾಸನೆಯ ಬಗ್ಗೆ ಯಾರೂ ಮೊದಲೇ ಹೇಳಲಿಲ್ಲ.

ನಡುನೀರಿನಲ್ಲಿ ಸಂಗಣ್ಣ ಎಲ್ಲರಿಗೂ ಪ್ಲಾಸ್ಟಿಕ್ಕಿನ ಲೋಟದಲ್ಲಿ ನೀರು ಹಂಚುತ್ತ ಬಂದ. ಇವನ ಮುಂದೆ ಬಾಗಿದಾಗ, ತಟ್ಟೆಯನ್ನು ಅಡ್ಡ ಹಿಡಿದು, ತುಟಿ ಅಲ್ಲಾಡಿಸದೆ ಮಾತಾಡಿದ.

"ನಿಮ್ಮಿಂದ ಕೆಲಸ ಉಳೀತ್ರಿ. ಆಕಿ ಬಂದಿದ್ಲಂತ, ನಾ ಬ್ಯಾಡ ಅಂದಿದ್ದೆ. ಸಿಟ್ಟಾಗಬ್ಯಾಡ್ರಿ."

"ಅದರಾಗೇನೈತಿ."

"ಟ್ರೇನಿಂಗಿನ್ಯಾಗ ಆ ಚೀಟಿ ಓದಿದ್ರು. ದೀಪಕ ಸರ್ ಕನ್ನಡದಾಗ ತಿಳಿಸಿ ಹೇಳಿದ್ರು." ಸಂಗಣ್ಣ ತಟ್ಟೆಯ ಲೋಟಗಳನ್ನು ನೋಡುತ್ತಿದ್ದ. "ಸುಳ್ಳು ಒಂದೂ ಬರದಿಲ್ರಿ ಅಂವ. ಬಿಡ್ಲೇನು ಅಂತ ಕೇಳ್ತಾನ, ಉತ್ರ ಬರೂತನಾ ಬಿಡಂಗಿಲ್ಲ, ಅಂತ ಬರದಾನ. ಇಷ್ಟ ವರ್ಷ ಇಲ್ಲಿ ಕೈ ಹಿಡದೀನ್ರಿ, ನಾ ಕೇಳ್ತೀನಿ ಅನ್ನೂದು ಇಲ್ಲಿ ಯಾರಿಗೂ ತಿಳಿದಿದ್ದಿಲ್ಲ."

ಅಷ್ಟು ಹೇಳಿ ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಕೂಡಿತು. ಗೇಟಿನ ಹತ್ತಿರ ತಿರುಗಿದ್ದಂತೆಯೇ ಆ ಮುಖ ಸಲೀಸಾಗಿ, ಏನೂ ಕಾಣದವನ ಹಾಗೆ, ನೀರಿನ ಕಡೆ ತಿರುಗಿತು. "ಕುಡೀರಿ ಸರ್," ಎಂದು ಮುಂದಿನ ಬೆಂಚಿಗೆ ಹೋದ.

ಭೀಮಾಶಂಕರ ಲೋಟ ಹಿಡಿದು ಕೂತ. ಒಂದೇ ಒಂದು ವಾಕ್ಯ ಕಡಿಮೆ ಬರೆದಿದ್ದರೆ. ಕೈ ಹಿಡಿಯುತ್ತಾನೆ ಎಂದಷ್ಟೇ ಬರೆದಿದ್ದರೆ ಅದನ್ನು ಈ ಊರಿನ ಯಾರಾದರೂ ಬರೆದಿರಬಹುದಿತ್ತು. ವರದಿ ಪೂರ್ತಿಯಾಗಿರಬೇಕೆಂಬ ಹಟ. ಕಂಡದ್ದನ್ನು ಬಿಡಬಾರದೆಂಬ ಕಾರ್ಖಾನೆಯ ಶಿಸ್ತು. ಬುದ್ಧ ದೊಡ್ಡವನಾಗುತ್ತ ಬಂದ, ಆಮೇಲೆ ಸಣ್ಣವನಾಗುತ್ತ ಹೋದ. ಸಂಗಣ್ಣ ತಿಳಿದೂ ಉಪಕಾರ ಹೇಳಿದ್ದ, ಅದೂ ಗುಟ್ಟಾಗಿ, ಕೆಲಸಕ್ಕೆ ಕುತ್ತು ತಂದುಕೊಂಡು, ಆ ಚೀಟಿಯ ಮೇಲೆ ಇಲ್ಲಿ ಬೇಡವಾಗಿದ್ದ ಕನ್ನಡದಲ್ಲಿ. ಅದು ಬೈಗುಳವೇ, ಕ್ಷಮೆಯೇ, ಇಲ್ಲ ಬರೀ ರೂಢಿಯೇ ಎಂದು ತಡಕಿದ. ಈಗಲೂ ಹೊಲಿಗೆ ಸಿಗಲಿಲ್ಲ. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮುಂದಿನ ಸಲಕ್ಕೆ ನೆರಳು ಯಾವ ಬೆಂಚಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ತಿಳಿದುಕೊಳ್ಳುವ ಅಗತ್ಯವೇ ಇದುವರೆಗೆ ಬಿದ್ದಿರಲಿಲ್ಲ.

ಲಾಂಚು ಧಕ್ಕೆಗೆ ತಾಗಿ ಒಮ್ಮೆ ಹೊಯ್ದಾಡಿತು. ಜನ ಸಾಲುಗಟ್ಟಿ ಇಳಿಯತೊಡಗಿದರು. ಹಲಗೆಯ ಈ ತುದಿಯಲ್ಲಿ ಸಂಗಣ್ಣ ನಿಂತಿದ್ದ, ನಗುಮುಖದಿಂದ. ಭೀಮಾಶಂಕರನ ಸರದಿ ಬಂದಾಗ ಕೈಗವಸು ಮುಂದೆ ಬಂತು, ಎಲ್ಲರಿಗೂ ಬಂದಷ್ಟೇ. ಹಿಡಿದ. ಬಟ್ಟೆ ತಣ್ಣಗಿತ್ತು. ಧಕ್ಕೆಯ ಕಲ್ಲಿನ ಮೇಲೆ ಬಲಗಾಲು ಊರಿ, ಎಡಗಾಲನ್ನು ನೀರಿನ ಸಂದಿನ ಮೇಲಿಂದ ಎತ್ತಿದವನು, ಇನ್ನೇನು ಕೇಳುತ್ತಾನೆ ಎಂದು ಕಾದ. ಕೆಳಗೆ ಕಪ್ಪು ನೀರು ಕಲ್ಲಿಗೂ ಲಾಂಚಿಗೂ ನಡುವೆ ಲೊಚಗುಟ್ಟುತ್ತಿತ್ತು.

"ಥ್ಯಾಂಕ್ಯೂ ಸರ್. ವಿಸಿಟ್ ಅಗೇನ್."

"ಬಿಡಪ್ಪ," ಎಂದ ಭೀಮಾಶಂಕರ.

ಎಡಗಾಲು ಇನ್ನೂ ಗಾಳಿಯಲ್ಲಿತ್ತು. ಬಿಳಿ ಕೈಗವಸು ಅದಾಗಲೇ ಹಿಂದಿನ ಹೆಂಗಸಿನ ಕಡೆ ಚಾಚಿತ್ತು.